ನಗಿಸುವ ಕೆಲಸ

ಬೇರೆಯವರ ರಕ್ತ ಯಾರಿಗೂ ಒಗ್ಗದ ಕಾಲವಿದು. ಮೂಳೆಯ ಆಪರೇಷನ್ನಿಗೆ ಮುಂಚೆ ರೋಗಿಗಳು ತಮ್ಮದೇ ರಕ್ತವನ್ನು ಕೂಡಿಡುತ್ತಾರೆ. ದುಃಖದಲ್ಲಿ ತೆಗೆದ ರಕ್ತ ಚೀಲದಲ್ಲೇ ಕಪ್ಪಾಗುವುದರಿಂದ, ಸೂಜಿ ಚುಚ್ಚಿ ಅವರನ್ನು ನಗಿಸುವುದು ನನ್ನ ಕೆಲಸ. ನಾಲ್ಕು ಜನರೆದುರು ಬಾಯಿ ಬಿಡದ ನನಗೆ, ನರ್ಸಿಂಗ್ ಪದವಿ ಇದೆಯೆಂದು ಆಸ್ಪತ್ರೆಯವರು ಈ ಕೆಲಸ ಕೊಟ್ಟರು.

ವಯಸ್ಸಾದ ನೀಲಗಂಗವ್ವನ ಎರಡು ಚೀಲ ರಕ್ತ ಕಪ್ಪಾಗಿ, ಆಗಲೇ ಚೆಲ್ಲಿದ್ದೆವು. ಇವತ್ತಿನದೂ ಕಪ್ಪಾದರೆ ಸೊಂಟದ ಕೀಲು ಬದಲಿಸಲಾಗದು, ಅವರು ಇನ್ನು ನಡೆಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ನಾನು ಸೂಜಿ ಚುಚ್ಚಿ ಒಂದು ಜೋಕು ಹೇಳಿದೆ.

"ನಿನ್ನ ಜೋಕಿಗಿಂತ ಸೂಜಿನ ಚಲೋ ಐತಿ ಬಿಡವಾ," ಎಂದರು. "ಹಾಸಿಗಿ ಹಿಡದಾಗಿಂದ ಸೊಸಿ ಉಣಸ್ತಾಳ, ಮಗ ಎತ್ತಿ ಕುಂಡರಸ್ತಾನ. ಈಗ ನೀನೂ ನಗಸಾಕ ಬಂದಿ. ನನ್ನ ಕೈಲೆ ಮಾಡೂವಂಥಾದ್ದು ಒಂದೂ ಉಳದಿಲ್ಲ."

ಬೆಳಗಿನಿಂದ ನಗಿಸಿ ನಗಿಸಿ ನನ್ನ ದವಡೆ ಸೋತಿತ್ತು. ಮಂಚದ ಅಂಚಿಗೆ ತಲೆ ಆನಿಸಿದೆ.

"ಯವ್ವಾ, ಏನ ತಲಿ ಇದು! ತೆಂಗಿನಕಾಯಿ ಜುಟ್ಟ ಆಗೈತಿ. ಎಣ್ಣಿ ಕಂಡು ಎಷ್ಟ ದಿನಾ ಆತು? ಊಟರ ಮಾಡೀಯೋ ಇಲ್ಲೋ?"

"ಇಲ್ಲ ಆಯಿ."

"ಹಂಗ ಇರು. ಅಳ್ಳಾಡಬ್ಯಾಡ."

ಬೈಯುತ್ತಲೇ, ಸೂಜಿಯಿಲ್ಲದ ಕೈಯಿಂದ ನನ್ನ ಕೂದಲಿನ ಸಿಕ್ಕು ಬಿಡಿಸತೊಡಗಿದರು. ನನಗೆ ನಿದ್ದೆ ಹತ್ತಿತು.

ಅರೆಗಣ್ಣು ತೆರೆದಾಗ ಡಾಕ್ಟರ್ ಚೀಲವನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಅದು ದಾಸವಾಳದಂತೆ ಕೆಂಪಗಿತ್ತು.

"ಇವತ್ತ ಯಾವ ಜೋಕ ಹೇಳಿದಳ್ರಿ ಇಕಿ?"

"ಸಾವಕಾಶ ಮಾತಾಡ್ರಿ ಡಾಕ್ಟ್ರ," ಎಂದರು ನೀಲಗಂಗವ್ವ. "ಹುಡುಗಿ ಮಕ್ಕೊಂಡೈತಿ."

ನಾನು ಮತ್ತೆ ಕಣ್ಣು ಮುಚ್ಚಿದೆ.