ಪೈಪಿನಲ್ಲೊಂದು ತೂತು

ಪಂಪಿನ ಸ್ವಿಚ್ಚಿನ ಮೇಲೆ ಬೆರಳಿಟ್ಟ ತಮ್ಮ, ಅಕ್ಕನ ಮುಖ ನೋಡಿದ. ಬಟ್ಟೆ ಹೊಲಿಯುವುದು ಬಿಟ್ಟು, ಅಳತೆಯ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದ ಅವಳು ಮೀನಿನ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು.

"ನೆಲಕ್ಕೆ ಒಂದು ತೊಟ್ಟು ಬಿತ್ತೋ, ನಿನ್ನ ಮೀನೆಲ್ಲ ಅಂಗಡಿಗೆ ವಾಪಸ್. ಗಿರಾಕಿಗಳ ಬಟ್ಟೆ ಒಣಗಿಸಿ ಒಣಗಿಸಿ ಸಾಕಾಗಿದೆ ನಂಗೆ."

"ಈ ಸಲ ಬೀಳಲ್ಲ ಕಣೇ ಅಕ್ಕ."

ಮೇಲಿನ ತೊಟ್ಟಿಯ ನೀರು ಕೆಳಗಿನ ಡಬ್ಬಕ್ಕಿಳಿದು, ಸ್ಪಂಜಿನಲ್ಲಿ ಸೋಸಿ, ಪಂಪಿನಿಂದ ಪೈಪಿನಲ್ಲಿ ಮತ್ತೆ ಮೇಲೇರುವ ಏರ್ಪಾಡು ಅವನದೇ. ಆದರೆ ಎರಡು ಸಲ ಕರೆಂಟು ಹೋದಾಗ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು, ಡಬ್ಬ ತುಂಬಿ ಹರಿದು, ಅವಳ ಬಟ್ಟೆಯ ಗಂಟುಗಳನ್ನು ತೋಯಿಸಿತ್ತು. ಈಗ ಅವನು ಪೈಪಿಗೆ, ತೊಟ್ಟಿಯ ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ಒಂದು ತೂತು ಕೊರೆದಿದ್ದ. ನೀರು ಅಷ್ಟು ಇಳಿದೊಡನೆ ಅಲ್ಲಿಂದ ಗಾಳಿ ಹೊಕ್ಕು ಸೆಳೆತ ನಿಲ್ಲಬೇಕು.

ಕರೆಂಟು ಹೋದಂತಾಗಲೆಂದು, ಓಡುತ್ತಿದ್ದ ಪಂಪಿನ ಸ್ವಿಚ್ಚು ಆರಿಸಿದ. ಡಬ್ಬದಲ್ಲಿ ನೀರು ಸರಸರನೆ ಏರಿತು. ಅಂಚಿಗೆ ಬೆರಳಗಲ ಉಳಿದಿರುವಾಗ ಪೈಪು ಗೊರ್ರೆಂದು ಗಾಳಿ ಎಳೆದುಕೊಂಡಿತು, ನೀರು ನಿಂತಿತು. ಅವನು ಉಸಿರು ಬಿಡುವಷ್ಟರಲ್ಲಿ, ಪೈಪುಗಳನ್ನು ಜೋಡಿಸಿದ ಕಡೆ ಒಂದು ಹನಿ ಮೂಡಿ, ದಪ್ಪಗಾಗಿ, ಕಳಚಿತು.

ಅಕ್ಕ ಕೈ ಚಾಚಿದಳು. ಹನಿ ಅವಳ ಅಂಗೈಯಲ್ಲಿ ಬಿತ್ತು.

"ಬಾಯಿ ಬಿಟ್ಕೊಂಡು ಏನೋ ನೋಡ್ತೀಯಾ? ನೆಲಕ್ಕೇನೂ ಬಿದ್ದಿಲ್ಲ. ಹೋಗಿ ಗಮ್ ತಗೊಂಡು ಬಾ, ಅಲ್ಲೀವರೆಗೂ ಕೈ ಹಿಡಿದಿರ್ತೀನಿ."