ಸರದಿಯ ದಿನ

“ಸರದಿ ದಿನ ಇಲಿಗಳ್ನ ಎಲ್ಲಿ ಬಚ್ಚಿಟ್ಟಿದ್ದೆ ಮಗ?” ಎಂದು ಸುಂದ್ರಮ್ಮ ಕೇಳಿದಾಗ ಪವಿತ್ರಳಿಗೆ ನಗು ಬಂತು. ಹಾರನಹಳ್ಳಿಯ ಆ ಜಗಲಿಗೆ ಅವಳು ಬಂದದ್ದು ನಗುವುದಕ್ಕಲ್ಲ. ಚಳಿಜ್ವರಕ್ಕೆ ಸುಂದ್ರಮ್ಮ ಕೊಡುವ ಸೊಪ್ಪು ಬೇರುಗಳ ಸಾರ ತೆಗೆದು, ಮಲೇರಿಯಾ ಹತ್ತಿಸಿದ ಇಲಿಗಳಿಗೆ ಕುಡಿಸಿ ನೋಡುವುದು ಮೈಸೂರಿನ ಲ್ಯಾಬಿನಲ್ಲಿ ಅವಳ ಕೆಲಸ. ಹೋದ ವರ್ಷ ಮೊದಲ ಸಲ ಕುಡಿಸಿದಾಗ ಇಲಿಗಳೆಲ್ಲ ಎದ್ದು ಕೂತಿದ್ದವು. ಆಮೇಲೆ ಮಾಡಿದಾಗಲೆಲ್ಲ ಸತ್ತವು. ಅದೇ ಸೊಪ್ಪು, ಅದೇ ಬೇರು, ಅದೇ ಅಳತೆ. ಈ ಬೆಳಿಗ್ಗೆ ಅವಳು ಮದ್ದು ಕುಡಿಸಿ ಬಂದ ಇಲಿಗಳೂ ಸತ್ತರೆ ಕೆಲಸ ಇಲ್ಲಿಗೇ ಮುಗಿಸಿ ಎಂದು ಗೈಡ್ ಹೇಳಿಯಾಗಿತ್ತು. ಪಿಎಚ್.ಡಿ. ಎಂದು ಸವೆಸಿದ ವರ್ಷಗಳೆಲ್ಲ ಮಣ್ಣುಪಾಲು. ಮೊದಲ ಸಲ ಕೊಟ್ಟ ಬೇರಿನಲ್ಲಿ ಬೇರೆ ಏನಾದರೂ ಇತ್ತೇ ಎಂದು ಕೇಳಲು, ಹುಣಸೂರಿನಲ್ಲಿ ಬಸ್ಸು ಬದಲಿಸಿಕೊಂಡು ಓಡಿ ಬಂದಿದ್ದಳು.

ಬೇರಿನಲ್ಲಿ ಏನೂ ಬೇರೆ ಇರಲಿಲ್ಲವಂತೆ. ಸುಂದ್ರಮ್ಮ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅಂಟು ಹಿಡಿದು ಕಪ್ಪಾದ ಬೆರಳುಗಳನ್ನು ನಿಲ್ಲಿಸದೆ ಹೇಳಿದಳು. ಮದ್ದು ಮಾಡುವುದು ಅರ್ಧ ಕೆಲಸ. ದಿನ ಬಿಟ್ಟು ದಿನ ಬರುವ ಸರದಿ ಜ್ವರ, ತಾನು ಬಿಟ್ಟುಹೋದ ಜಾಗಕ್ಕೇ ತಿರುಗಿ ಬರುತ್ತದೆ. ಮಧ್ಯಾಹ್ನ ಅದು ಬರುವ ಮುಂಚೆ ರೋಗಿಯನ್ನು ಎಬ್ಬಿಸಿ ಪಕ್ಕದ ಮನೆಗೆ ಕಳಿಸಬೇಕು. ಅವನು ಮಲಗಿದ್ದ ಚಾಪೆಯ ಮೇಲೆ ರುಬ್ಬುವ ಗುಂಡನ್ನು ಮಲಗಿಸಿ ಕಂಬಳಿ ಹೊದಿಸಬೇಕು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿಕೊಂಡು ಬಂದಿದ್ದಾಳೆ. ಸಂಜೆ ಕಂಬಳಿ ತೆಗೆದರೆ ಕಲ್ಲು ಕಾವಲಿಯ ಹಾಗೆ ಕಾದಿರುತ್ತದಂತೆ. ಹಿತ್ತಲ ಬೇಲಿಯ ಪಕ್ಕ ಅಂಥ ಗುಂಡುಗಳು ಬಿದ್ದುಕೊಂಡಿದ್ದವು. ಅಂಗಳವೆಲ್ಲ ಕೆದಕುತ್ತಿದ್ದ ಕೋಳಿಗಳು ಅವುಗಳ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ.

ಇಲಿಗಳಿಗೆ ಮನುಷ್ಯರ ಹಾಗೆ ಸರದಿಯ ಜ್ವರ ಬರುವುದಿಲ್ಲ ಎಂದು ಪವಿತ್ರ ತಿಳಿಸಿ ಹೇಳಿದಳು.

“ಇಲಿಗೆ ಗೊತ್ತಿಲ್ದೆ ಇರ್ಬೋದು,” ಎಂದಳು ಸುಂದ್ರಮ್ಮ. “ಜ್ವರಕ್ಕೆ ಗೊತ್ತಿರ್ತದೆ ಕಣವ್ವ.”

ಬಚ್ಚಿಡುವ ಮಾತೆಲ್ಲಿ ಬಂತು ಎನ್ನಲು ಹೊರಟ ಪವಿತ್ರಳಿಗೆ ಥಟ್ಟನೆ ನೆನಪಾಯಿತು. ಹೋದ ವರ್ಷ, ಆ ಮೊದಲ ಸಲ, ಇಲಿಗಳ ಕೋಣೆಯ ಸೂರು ಸೋರಿತ್ತು. ಮದ್ದು ಕುಡಿಸಿದ ದಿನವೇ ಮಧ್ಯಾಹ್ನ ಪಂಜರಗಳನ್ನೆಲ್ಲ ಪಕ್ಕದ ಕೋಣೆಗೆ ಸಾಗಿಸಿ, ಸಂಜೆ ವಾಪಸು ತಂದಿದ್ದರು. ಅದನ್ನು ಸುಂದ್ರಮ್ಮನಿಗೆ ಹೇಳಿದಳು.

“ಬರಿದಾದ ಜಾಗದಲ್ಲಿ ಏನ್ ಮಡಗಿದ್ರಿ?”

ಏನೂ ಇಲ್ಲ ಎಂದಳು ಪವಿತ್ರ. ಏನೂ ಇಟ್ಟಿರಲಿಲ್ಲ ಎಂಬುದು ನಿಜ. ಆದರೆ ಲ್ಯಾಬಿನ ಅಟೆಂಡರ್ ದಾಸಯ್ಯ ಬರಿದಾದ ಆ ಕೋಣೆಯ ನೆಲ ಒರೆಸಿ, ಊಟ ಮುಗಿಸಿ, ತಣ್ಣಗಿದೆ ಎಂದು ಅಲ್ಲೇ ಟವೆಲ್ ಹಾಸಿಕೊಂಡು ಒಂದು ಗಳಿಗೆ ಮಲಗಿದ್ದ. ಅವತ್ತು ಸಂಜೆಯೇ ಅವನಿಗೆ ನಡುಕ ಹತ್ತಿತು. ಇಲಿಯ ಮಲೇರಿಯಾ ಮನುಷ್ಯರಿಗೆ ತಗಲುವುದಿಲ್ಲ. ಪವಿತ್ರಳೇ ಅವನ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಳು, ಏನೂ ಕಾಣಲಿಲ್ಲ. ಆಸ್ಪತ್ರೆಯಲ್ಲೂ ಕಾಣಲಿಲ್ಲ. ಆದರೂ ದಿನ ಬಿಟ್ಟು ದಿನ, ಮಂಚ ಅಲುಗುವ ಹಾಗೆ ನಡುಗಿ ನಡುಗಿ ದಾಸಯ್ಯ ದಸರೆಗೆ ಮುಂಚೆಯೇ ತೀರಿಕೊಂಡ.

ಸುಂದ್ರಮ್ಮ ಅವಳ ಮುಖ ನೋಡಿದಳು. ಸೊಪ್ಪು ಕಟ್ಟುವ ಕೈ ನಿಂತಿತು. ಬೇಕಾದರೆ ಒಂದು ಗುಂಡು ತೆಗೆದುಕೊಂಡು ಹೋಗು ಎಂದಳು. ಕಲ್ಲು ಹೊತ್ತು ಮೈಸೂರು ಸೇರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ, ಅಷ್ಟರೊಳಗೆ ಮಧ್ಯಾಹ್ನ ಕಳೆದಿರುತ್ತದೆ ಎಂದಳು ಪವಿತ್ರ. ಪಂಜರಗಳನ್ನು ಸುಮ್ಮನೆ ಆಚೆ ಸಾಗಿಸಿದರೆ ಸಾಲದೇ ಎಂದು ಕೇಳಿದಳು. ಕೇಳಿದ ಮೇಲೆ, ತಾನು ಕೇಳಿದ್ದಕ್ಕೆ ತನಗೇ ಅಚ್ಚರಿಯಾಯಿತು.

“ಜಾಗ ಬರಿದಾಗಿದ್ರೆ ಉಡುಕ್ಕೊಂಡು ಇಲಿಗಳ ತಾವ್ಕೇ ಓಯ್ತದೆ. ಬಂದಿದ್ದಕ್ಕೆ ಏನಾರ ಒಂದು ಸಿಗ್ಬೇಕು.”

ಪವಿತ್ರ ಫೋನು ಹಿಡಿದು ಅಂಗಳಕ್ಕಿಳಿದಳು. ನಂಬಿಕೆಯ ಮಾತಲ್ಲ ಇದು ಎಂದುಕೊಂಡಳು. ಮೊದಲ ಸಲ ಏನೇನು ನಡೆದಿತ್ತೋ ಅದನ್ನೆಲ್ಲ ಹಾಗೆಯೇ ಮತ್ತೆ ಮಾಡಿ ನೋಡುವುದು ತಾನೆ ಪರೀಕ್ಷೆ ಎಂದರೆ? ಹಾಗೆಯೇ, ಒಂದನ್ನೂ ಬಿಡದೆ.

ದಾಸಯ್ಯನ ಜಾಗಕ್ಕೆ ಬಂದ ಮಹೇಶ್‌ಕುಮಾರ್, ಕೆ.ಆರ್. ನಗರದ ಕಡೆಯವನು, ಹೇಳಿದ್ದಕ್ಕೆ ಎದುರಾಡದವನು. ಊಟದ ತುತ್ತು ಬಾಯಲ್ಲಿರುವಾಗಲೇ ಫೋನೆತ್ತಿದ. ಪಂಜರಗಳನ್ನು ಪಕ್ಕದ ಕೋಣೆಗೆ ಸಾಗಿಸಿ ಎಂದಳು. ಅವನು ಯಾಕೆ ಎನ್ನಲಿಲ್ಲ. ಫೋನು ಜೇಬಿಗೆ ಹಾಕಿಕೊಂಡು ತಳ್ಳುಗಾಡಿ ಎಳೆಯುವುದು, ಬಾಗಿಲು ತೆಗೆಯುವುದು, ಇಲಿಗಳು ತಂತಿ ಕೆರೆಯುವುದು, ಎಲ್ಲ ಅವಳಿಗೆ ಕೇಳಿಸಿತು.

“ಆಯ್ತು ಮೇಡಮ್ಮೋರೆ. ನಾನು ಇಲಿಗಳ ಜತೇಲೇ ಕೂತ್ಕೊಳ್ಲಾ?”

ಜಗಲಿಯಿಂದ ಸುಂದ್ರಮ್ಮ ಇವಳನ್ನೇ ನೋಡುತ್ತಿದ್ದಳು. ಪವಿತ್ರ ಅವಳಿಗೆ ಬೆನ್ನು ಹಾಕಿದಳು.

“ಬೇಡ. ನೀವು ಆ ಖಾಲಿ ರೂಮಲ್ಲೇ ಇರಿ. ಬೇಕಾದ್ರೆ ಸ್ವಲ್ಪ ಮಲಗಿ.”

ಅವನಿಗೆ ಖುಷಿಯಾಯಿತು. ಮಲಗು ಎನ್ನುವ ಮೇಡಮ್ಮನ್ನ ಎಲ್ಲೂ ನೋಡಿಲ್ಲ ಎಂದು ನಕ್ಕ. ಚೇರು ಸರಿಸಿದ ಸದ್ದು. ಪವಿತ್ರ ಫೋನು ಇಡಲಿಲ್ಲ, ಅವನೂ ಇಡಲಿಲ್ಲ. ಹಾರನಹಳ್ಳಿಯ ಬಿಸಿಲಲ್ಲಿ ಹೊಗೆಸೊಪ್ಪಿನ ಘಾಟು ಕುದಿಯುತ್ತಿತ್ತು.

“ಮೇಡಮ್ಮೋರೆ,” ಎಂದ ಕೊನೆಗೆ. ದನಿ ಸಣ್ಣಗೆ ತಡವರಿಸುತ್ತಿತ್ತು. “ಫ್ಯಾನ್ ಆಫ್ ಮಾಡಿವ್ನಿ, ಕಿಟಕೀನೂ ಹಾಕಿವ್ನಿ. ಆದ್ರೂ ಎಲ್ಲಿಂದ್ಲೋ ಚಳಿ ಬತ್ತಾ ಅದೆ. ಈಚೆಗೆ ಬಂದ್ ಬುಡ್ಲಾ?”

ಪವಿತ್ರ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಇಲಿಗಳು ಹೇಗಿವೆ?” ಎಂದಳು.