ಬಿಗಿದ ಚೈನು

ಬ್ಯಾಟರಿ ಗಾಡಿ ಏರಿನ ನಡುವೆಯೇ ಉಸಿರು ಬಿಟ್ಟಂತೆ ನಿಂತುಬಿಟ್ಟಿತು. ಹಿಂದೆಯೇ ಬರುತ್ತಿದ್ದ ಡೀಸೆಲ್ ಗಾಡಿಯ ಡ್ರೈವರ್ ಬ್ರೇಕ್ ಒತ್ತಿದ. ಕಲ್ಲುಕ್ವಾರಿಯ ಮಾಲೀಕರು ಇಟ್ಟ ಪಂದ್ಯವಿದು: ಟೈರಿನ ಬದಲು ಉಕ್ಕಿನ ಚೈನಿನ ಮೇಲೆ ಉರುಳುವ ಎರಡೂ ಗಾಡಿಗಳಿಗೆ ಒಂದೇ ಹೊರೆ, ಒಂದೇ ದಾರಿ. ಬ್ಯಾಟರಿಯದು ಸಂಜೆಯವರೆಗೆ ಓಡಿದರೆ ಡೀಸೆಲ್ ಗಾಡಿಯೂ ಬೇಡ, ಅದರ ಡ್ರೈವರೂ ಬೇಡ. ಈಗಿನ್ನೂ ಊಟದ ಹೊತ್ತು ಕೂಡ ಆಗಿರಲಿಲ್ಲ. ಗೆದ್ದ ಡೀಸೆಲ್ ಡ್ರೈವರ್ ಮಾತ್ರ ಸೀಟು ಬಿಟ್ಟು ಏಳಲಿಲ್ಲ.

ಬ್ಯಾಟರಿ ಗಾಡಿಯಿಂದ ಇಳಿದವನು ಅವನ ಹೆಂಡತಿಯ ತಮ್ಮ. ಏದುಸಿರು ಬಿಡುತ್ತ ಬಂದ ಮಾಲೀಕರಿಗೆ, "ನಂದೇ ತಪ್ಪು ಸಾರ್," ಎಂದ. "ಏರಲ್ಲಿ ಜಾಸ್ತಿ ಆಕ್ಸಿಲರೇಟರ್ ಕೊಟ್ಟುಬಿಟ್ಟೆ. ಗಾಡಿದೇನೂ ತೊಂದ್ರೆ ಇಲ್ಲ. ಬೆಳಿಗ್ಗೆ ಭಾವನೇ ಗ್ರೀಸ್ ಹೊಡೆದು ಚೈನ್ ಬಿಗಿ ಮಾಡಿಕೊಟ್ರು."

"ನಿನ್ನ ಕೈಗೆ ಗಾಡಿ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ನಾಳೆಯಿಂದ ಬರಬೇಡ."

ಭಾವನ ಉಗುರುಸಂದಿಯಲ್ಲಿ ಆ ಗ್ರೀಸ್ ಇನ್ನೂ ಹಾಗೇ ಇತ್ತು. ಒಳಗೆ ಗ್ರೀಸ್ ತುಂಬಿದಷ್ಟೂ ಚೈನ್ ಬಿಗಿಯಾಗುತ್ತದೆ, ಅತಿಯಾಗಿ ಬಿಗಿದರೆ ಬ್ಯಾಟರಿಯ ಶಕ್ತಿಯೆಲ್ಲ ಅದನ್ನು ಉರುಳಿಸುವುದಕ್ಕೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಚ್ಚು ಗ್ರೀಸ್ ಹೊಡೆದಿದ್ದ. ಹೊಡೆಯುವಾಗ ಭಾವಮೈದುನ ಪಕ್ಕದಲ್ಲೇ ನಿಂತು, ಆರದಿರಲಿ ಎಂದು ಭಾವನ ಟೀ ಲೋಟವನ್ನು ಅಂಗೈಯಿಂದ ಮುಚ್ಚಿ ಹಿಡಿದುಕೊಂಡಿದ್ದ.

ಭಾವ ತನ್ನ ಗಾಡಿಯಿಂದ ಇಳಿದ. ಸ್ಪ್ಯಾನರ್ ತಂದು, ಮಂಡಿಯೂರಿ, ಬ್ಯಾಟರಿ ಗಾಡಿಯ ಚೈನಿನ ಪಕ್ಕದ ನಟ್ಟು ಸಡಿಲಿಸಿದ. ಗ್ರೀಸ್ ಹಾವಿನಂತೆ ಹೊರಬಂತು; ಬರುತ್ತಲೇ ಇತ್ತು. ತಂತಿಯಂತೆ ಬಿಗಿದಿದ್ದ ಚೈನು ಎಲ್ಲರ ಕಣ್ಣೆದುರೇ ಜೋತುಬಿತ್ತು.

"ಅಷ್ಟೊಂದಾ ಭಾವ?" ಎಂದ ಭಾವಮೈದುನ, ಮೆಲ್ಲಗೆ.